ಕುಣಿಕೆ ಯಾಕೆ ಕೂರುತ್ತಿಲ್ಲ? ರ‍್ಯಾಂಚ್ ರೋಪಿಂಗ್ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ರೋಪಿಂಗ್ ಎಂದರೆ ಕುಣಿಕೆಯ ಹಗ್ಗ ಎಸೆದು ದನ ಹಿಡಿಯುವ ವಿದ್ಯೆ. ಅಭ್ಯಾಸಕ್ಕೆ ಇಟ್ಟ ದನದ ಗೊಂಬೆಯ, ಅಂದರೆ ಡಮ್ಮಿಯ, ಕೊಂಬಿಗೆ ಹತ್ತು ಸಲ ಎಸೆದು ಎಂಟು ಸಲ ತಪ್ಪಿದರೆ, ತನ್ನ ಗುರಿ ಸರಿಯಿಲ್ಲ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಗುರಿಯ ತಪ್ಪೇನೂ ಇರುವುದಿಲ್ಲ. ಹಗ್ಗ ಕೈಬಿಡುವ ಹೊತ್ತಿಗೆ ಆ ಎಸೆತದ ಹಣೆಬರಹ ಮುಕ್ಕಾಲು ಪಾಲು ಬರೆದಾಗಿರುತ್ತದೆ: ಸುರುಳಿ ಸುತ್ತಿದ ರೀತಿಯಲ್ಲಿ, ಕುಣಿಕೆ ಬಿಚ್ಚಿದ ಅಳತೆಯಲ್ಲಿ, ಬೀಸಿನ ಓರೆಯಲ್ಲಿ. ಹಾಗಾಗಿ ದೋಷವನ್ನು ಹಿಂದಿನಿಂದ ಹುಡುಕುತ್ತ ಬರಬೇಕು. ಕುಣಿಕೆ ಬಿದ್ದ ಜಾಗದಿಂದ ಶುರುಮಾಡಿ ಕೈಬಿಟ್ಟ ಕ್ಷಣ, ಬೀಸು, ಹಿಡಿತ, ಸುರುಳಿ, ಕೊನೆಗೆ ಹಗ್ಗದವರೆಗೆ ಬನ್ನಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹತ್ತು ಎಸೆತ ಎಸೆದು ನೋಡಿ, ಆಮೇಲೆ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದೇ ಇಲ್ಲ.

ಇಲ್ಲಿರುವುದೆಲ್ಲ ಬಲಗೈಯವರ ಲೆಕ್ಕ. ಎಡಗೈಯವರು ಎಡಬಲ ಅದಲುಬದಲು ಮಾಡಿಕೊಳ್ಳಿ. ಜೊತೆಗೆ ಹಗ್ಗ ಕೊಳ್ಳುವಾಗ ಎಡಗೈಯವರದ್ದೇ ಕೇಳಿ. ಅದರ ಹುರಿ ಉಲ್ಟಾ ದಿಕ್ಕಿಗೆ ಇರುತ್ತದೆ. ಬಲಗೈಯ ಹಗ್ಗವನ್ನು ಎಡಗೈಯಲ್ಲಿ ಬೀಸುತ್ತ ತಿಂಗಳುಗಟ್ಟಲೆ ಒದ್ದಾಡುವವರಿಗೆ ಬಹಳ ಸಲ ಈ ಒಂದು ವಿಷಯ ಯಾರೂ ಹೇಳಿರುವುದಿಲ್ಲ.

ಭಾಗಗಳ ಹೆಸರು

ಅಮೆರಿಕದ ಪಶ್ಚಿಮ ಭಾಗದ ದನ ಸಾಕುವ ರ‍್ಯಾಂಚ್‌ಗಳಲ್ಲಿ ಕರುಗಳಿಗೆ ಮುದ್ರೆ ಹಾಕಲು, ಲಸಿಕೆ ಕೊಡಲು, ಬಯಲಿನಲ್ಲಿ ಕಾಯಿಲೆ ಬಿದ್ದ ದನವನ್ನು ಹಿಡಿದು ಔಷಧಿ ಹಾಕಲು ಕುದುರೆ ಮೇಲಿಂದ ಹಗ್ಗ ಎಸೆಯುತ್ತಾರೆ. ನಮ್ಮ ಕಡೆ ಮೂಗುದಾರ, ಕಣ್ಣಿ, ದಾವಣಿ ಇರುವುದರಿಂದ ಈ ವಿದ್ಯೆಯ ಅಗತ್ಯ ಬೀಳಲಿಲ್ಲ. ಆದರೂ ಹಗ್ಗದ ತುದಿಯ ಆ ಕುಣಿಕೆ ನಮಗೆ ಗೊತ್ತಿರುವ ಜೀರುಗುಣಿಕೆಯೇ. ಜಾರಲು ಒಂದು ಸಣ್ಣ ಕಣ್ಣು ಇರುತ್ತದೆ, ಅದಕ್ಕೆ ಹೋಂಡಾ ಎನ್ನುತ್ತಾರೆ. ಬೈಕಿಗೂ ಅದಕ್ಕೂ ಸಂಬಂಧವಿಲ್ಲ, ಸ್ಪ್ಯಾನಿಷ್ ಕಡೆಯಿಂದ ಬಂದ ಪದ. ಹೋಂಡಾದ ಒಳಮೈ ಸವೆಯದಂತೆ ಸುತ್ತಿ ಹೊಲಿದ ಹಸಿತೊಗಲಿನ ಪಟ್ಟಿ ಬರ್ನರ್. ಬಲಗೈ ಹಿಡಿತದಿಂದ ಹೋಂಡಾದವರೆಗೆ ಹಗ್ಗ ಜೋಡಿಯಾಗಿ ಇಳಿಯುವ ಭಾಗ ಸ್ಪೋಕ್. ಕುಣಿಕೆಯಲ್ಲಿ ಕೈಯಿಂದ ಅತಿ ದೂರ ಇರುವ ಜಾಗ ಮೂತಿ. ಎಡಗೈಯಲ್ಲಿ ಉಳಿದದ್ದು ಸುರುಳಿ. ಈ ಐದು ಹೆಸರು ಸಾಕು.

ಕಲಿಯಲು 30ರಿಂದ 35 ಅಡಿಯ ನೈಲಾನ್ ಅಥವಾ ನೈಲಾನ್-ಪಾಲಿ ಮಿಶ್ರಣದ ಹಗ್ಗ ತೆಗೆದುಕೊಳ್ಳಿ. ದಪ್ಪ 3/8 ಇಂಚಿನ ಆಸುಪಾಸು, ಅಂದರೆ ಸುಮಾರು 9.5 ಮಿಲಿಮೀಟರ್. ಗಡಸುತನಕ್ಕೆ ಲೇ ಎಂಬ ಗುರುತು ಇರುತ್ತದೆ: ಎಕ್ಸ್‌ಎಸ್ ತೀರಾ ಮೆದು, ಎಸ್ ಮೆದು, ಎಂಎಸ್ ನಡುವೆ, ಎಂ ಅದಕ್ಕಿಂತ ಗಡಸು. ಹೊಸ ಕೈಗೆ ಎಸ್ ಅಥವಾ ಎಂಎಸ್ ಸರಿ. ನೆವಾಡಾದ ಬಕರೂಗಳು, ಅಂದರೆ ಅಲ್ಲಿನ ದನಗಾಹಿಗಳು, 60 ಅಡಿ ಹಗ್ಗ ಎಸೆಯುತ್ತಾರೆ ಎಂದು ಕೇಳಿ ಮೊದಲ ದಿನವೇ 60 ಅಡಿ ತಂದರೆ, ಎಡಗೈಯಲ್ಲಿ ಸುರುಳಿಯ ಗೊಂಚಲು ಹೊತ್ತು ನಿಲ್ಲುವುದೇ ಕೆಲಸವಾಗುತ್ತದೆ.

ಕುಣಿಕೆ ತಿರುಚಿ 8 ಆಗುತ್ತದೆ

ಹೊಸಬರ ಅರ್ಧ ದೂರು ಇದೇ. ಗಾಳಿಯಲ್ಲಿ ದುಂಡಗಿದ್ದ ಕುಣಿಕೆ ಡಮ್ಮಿ ಮುಟ್ಟುವ ಮೊದಲೇ ನಡುವೆ ಅಡ್ಡಹಾಯ್ದು ಇಂಗ್ಲಿಷ್ ಅಂಕಿಯ 8 ಆಗಿ ಬೀಳುತ್ತದೆ. ಕಾರಣ ಮೂರು. ಎಸೆತವನ್ನು ತಿದ್ದುವ ಮೊದಲು ಇದರಲ್ಲಿ ಯಾವುದು ಎಂದು ಕಂಡುಕೊಳ್ಳಬೇಕು.

ಮೊದಲು ತೂಗು ಪರೀಕ್ಷೆ ಮಾಡಿ. ಎಸೆಯುವಾಗ ಬಿಚ್ಚುವಷ್ಟೇ ದೊಡ್ಡ ಕುಣಿಕೆ ಬಿಚ್ಚಿ, ಬಲಗೈಯನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಿ, ಬೀಸದೆ ಸುಮ್ಮನೆ ತೂಗಲು ಬಿಡಿ. ಹಾಗೆ ನಿಂತಲ್ಲೇ ಕುಣಿಕೆ 8 ಆದರೆ ನಿಮ್ಮ ಬೀಸಿನಲ್ಲಿ ಏನೂ ತಪ್ಪಿಲ್ಲ, ಹಗ್ಗದೊಳಗೆ ಹೆಚ್ಚಿನ ಹುರಿ ಕೂತಿದೆ. ಅದು ಅಲ್ಲಿಗೆ ಬಂದದ್ದು ನಿಮ್ಮ ಎಡಗೈಯಿಂದ. ಹಗ್ಗವನ್ನು ಒಂದು ಸುತ್ತು ಸುರುಳಿ ಮಾಡಿದಾಗಲೆಲ್ಲ ಅದರೊಳಗೆ ಒಂದು ತಿರುಚು ಸೇರುತ್ತದೆ. ಆರು ಸುರುಳಿಗೆ ಆರು ತಿರುಚು. ಹಗ್ಗದ ಬಾಲವನ್ನು, ಅಂದರೆ ಕುಣಿಕೆಯಿಲ್ಲದ ತುದಿಯನ್ನು, ಎಡಗೈ ಹಿಡಿದಿರುವುದರಿಂದ ಅದು ಆ ಕಡೆಯಿಂದ ಹೊರಹೋಗಲಾರದು, ಸರಿಯುತ್ತ ಸರಿಯುತ್ತ ಕುಣಿಕೆಗೆ ಬಂದು ಸೇರುತ್ತದೆ.

ಪರಿಹಾರ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿದೆ. ಪ್ರತಿ ಸುತ್ತನ್ನು ಎಡಗೈಗೆ ಇಡುವ ಮೊದಲು, ಬತ್ತಿ ಹೊಸೆಯುವ ಹಾಗೆ ಬಲಗೈಯ ಎರಡು ಬೆರಳ ನಡುವೆ ಹಗ್ಗವನ್ನು ಉರುಳಿಸಿ. ಯಾವ ದಿಕ್ಕಿಗೆ ಎಂದು ಬಾಯಿಪಾಠ ಮಾಡಬೇಡಿ, ಹಗ್ಗವನ್ನೇ ಕೇಳಿ: ಒಂದು ದಿಕ್ಕಿಗೆ ಉರುಳಿಸಿದರೆ ಸುರುಳಿ ತಟ್ಟೆಯಂತೆ ಚಪ್ಪಟೆಯಾಗಿ ಪಕ್ಕದ ಸುರುಳಿಯ ಮೇಲೆ ಕೂರುತ್ತದೆ, ಇನ್ನೊಂದು ದಿಕ್ಕಿಗೆ ಉರುಳಿಸಿದರೆ ಎದ್ದು ನಿಂತು ತೆರೆದ ಬಾಯಿಯಂತಾಗುತ್ತದೆ. ಚಪ್ಪಟೆ ಕೂರುವುದೇ ಸರಿ. ಈಗಾಗಲೇ ತುಂಬಾ ತಿರುಚು ಸೇರಿದ್ದರೆ ಬಾಲದ ತುದಿ ಹಿಡಿದು, ಉಳಿದ ಪೂರ್ತಿ ಹಗ್ಗವನ್ನು ಹುಲ್ಲಿನ ಮೇಲೆ ಎಳೆಯುತ್ತ ಐವತ್ತು ಹೆಜ್ಜೆ ನಡೆಯಿರಿ. ಹೋಂಡಾ ತುದಿ ಹಿಂದೆ ತಾನೇ ಹೊರಳಿ ಹೊರಳಿ ಹುರಿ ಬಿಟ್ಟುಕೊಳ್ಳುತ್ತದೆ. ಮಹಡಿ ಮನೆಯವರು ಮೇಲಿಂದ ಕೆಳಕ್ಕೆ ಇಳಿಬಿಟ್ಟರೂ ನಡೆದೀತು, ಕೆಳಗೆ ಯಾರೂ ಇಲ್ಲ ಎಂದು ನೋಡಿಕೊಂಡು.

ತೂಗಿದಾಗ ಕುಣಿಕೆ ನೆಟ್ಟಗಿದ್ದು ಬೀಸುವಾಗ ಮಾತ್ರ ತಿರುಚಿದರೆ ಎರಡನೇ ಕಾರಣಕ್ಕೆ ಬನ್ನಿ: ಮಣಿಕಟ್ಟು ಮರಗಟ್ಟಿದೆ. ಬಲಗೈಯ ಬೀಸು ಮುಂಭಾಗದಲ್ಲಿ ಬಲದಿಂದ ಎಡಕ್ಕೆ, ತಲೆಯ ಹಿಂದೆ ಎಡದಿಂದ ಬಲಕ್ಕೆ ಸುತ್ತಬೇಕು. ಕೈ ಮುಂದಿರುವಾಗ ಅಂಗೈ ನೆಲ ನೋಡಬೇಕು, ಹಿಂದೆ ಹೋದಾಗ ಮಣಿಕಟ್ಟು ಮಗುಚಿ ಅಂಗೈ ಆಕಾಶ ನೋಡಬೇಕು. ಇದನ್ನು ಹಗ್ಗವಿಲ್ಲದೆ ಕನ್ನಡಿಯ ಮುಂದೆ ಮಾಡಿ ನೋಡಿ. ಕೋಲು ಹಿಡಿದವರಂತೆ ಬಿಗಿದ ಮುಷ್ಟಿಯಲ್ಲಿ ಬೀಸಿದರೆ ಪ್ರತಿ ಸುತ್ತಿಗೂ ಹಗ್ಗ ಕೈಯೊಳಗೆ ಹೊರಳಲು ಜಾಗವಿರುವುದಿಲ್ಲ, ಆ ಹೊರಳು ಕುಣಿಕೆಗೆ ಹೋಗುತ್ತದೆ. ಹಿಡಿತ ಎಷ್ಟಿರಬೇಕೆಂದರೆ, ಪಕ್ಕದಲ್ಲಿ ನಿಂತವರು ಬಾಲ ಎಳೆದರೆ ಹಗ್ಗ ಕೈಯಿಂದ ಜಾರಿ ಹೋಗುವಷ್ಟು. ತೋರುಬೆರಳು ಹಗ್ಗದ ಉದ್ದಕ್ಕೆ ಚಾಚಿಕೊಂಡಿರಲಿ.

ಮೂರನೆಯದು ಕೈಬಿಡುವಾಗಿನ ತಿರುವು. ಕೊನೆಯ ಕ್ಷಣದಲ್ಲಿ ಬೌಲಿಂಗ್ ಮಾಡುವವರಂತೆ ಮಣಿಕಟ್ಟಿಗೆ ಸ್ಪಿನ್ ಕೊಡುವ ಅಭ್ಯಾಸ, ಅದರಲ್ಲೂ ಕ್ರಿಕೆಟ್ ಆಡಿ ಬೆಳೆದವರಲ್ಲಿ, ಬೇಗ ಹೋಗುವುದಿಲ್ಲ. ಬೆರಳು ಐದೂ ಒಟ್ಟಿಗೆ ಬಿಚ್ಚಿ, ಅಂಗೈ ನೆಲ ನೋಡುತ್ತ, ತೋಳು ಡಮ್ಮಿಯತ್ತ ಚಾಚಿ ಒಂದು ಕ್ಷಣ ಹಾಗೇ ನಿಲ್ಲಿ. ನಿಂತ ತೋಳು ಎತ್ತ ತೋರಿಸುತ್ತದೋ ಹಗ್ಗ ಅತ್ತ ಹೋಗಿದೆ ಎಂದು ಲೆಕ್ಕ.

ಬೀಸುವಾಗಲೇ ಕುಣಿಕೆ ಮುಚ್ಚಿಕೊಳ್ಳುತ್ತದೆ

ಮೊದಲು ಸ್ಪೋಕ್ ಅಳೆಯಿರಿ. ಹೊಸಬರು ಹೋಂಡಾವನ್ನು ಕೈಗೆ ಅಂಟಿಸಿಕೊಂಡು ಹಿಡಿಯುತ್ತಾರೆ. ಹಾಗೆ ಹಿಡಿದರೆ ಕುಣಿಕೆಯ ಭಾರವೆಲ್ಲ ಒಂದೇ ಕಡೆ ನೇತಾಡಿ, ಇನ್ನೊಂದು ಎಳೆ ಹಿಂದೆ ಬೀಳುತ್ತದೆ. ತೂಗಿದ ಕುಣಿಕೆಯ ಉದ್ದದಲ್ಲಿ ಕೈಯಿಂದ ಮೂರನೇ ಒಂದು ಭಾಗ ಕೆಳಗೆ ಹೋಂಡಾ ಇರಲಿ. ರ‍್ಯಾಂಚಿನ ದೊಡ್ಡ ಕುಣಿಕೆಗೆ ಅರ್ಧದವರೆಗೂ ಬಿಡುತ್ತಾರೆ. ಆಗ ಜೋಡಿ ಹಗ್ಗದ ಬಿಗುವು ಕುಣಿಕೆಗೆ ಬೆನ್ನೆಲುಬಾಗಿ ನಿಂತು ಅದನ್ನು ತೆರೆದಿಡುತ್ತದೆ. ಅರ್ಧಕ್ಕಿಂತ ಕೆಳಗೆ ಹೋದರೆ ಕುಣಿಕೆ ಸೌತೆಕಾಯಿಯಂತೆ ಉದ್ದವಾಗಿ ಮೂತಿ ನೆಲಕ್ಕೆ ಬಾಗುತ್ತದೆ.

ಕುಣಿಕೆಯ ಒಟ್ಟು ಗಾತ್ರಕ್ಕೆ ಕಲಿಕೆಯ ಅಳತೆ ಇಷ್ಟೇ: ಕೈ ಭುಜದ ಮಟ್ಟದಲ್ಲಿದ್ದಾಗ ಮೂತಿ ಪಾದದ ಹತ್ತಿರ ನೆಲ ಸವರಬೇಕು. ಅದಕ್ಕಿಂತ ಚಿಕ್ಕದಾದರೆ ಗಾಳಿಯಲ್ಲಿ ತೆರೆದು ನಿಲ್ಲಲು ತೂಕ ಸಾಲದು. ಸಣ್ಣ ಕುಣಿಕೆ ಸುಲಭ ಎಂಬುದು ಹೊಸಬರ ಭ್ರಮೆ.

ಅಳತೆ ಸರಿಯಿದ್ದೂ ಮುಚ್ಚಿಕೊಂಡರೆ ಬೀಸು ನಿಧಾನವಾಗಿದೆ ಅಥವಾ ಸಮನಾಗಿಲ್ಲ. ಸಮನಾಗಿಲ್ಲದ್ದನ್ನು ಕಿವಿಯಿಂದ ಹಿಡಿಯಬಹುದು. ಸರಿಯಾದ ಬೀಸಿನ ಸುಯ್ಯೆನ್ನುವ ಸದ್ದು ಒಂದೇ ಅಂತರದಲ್ಲಿ ಬರುತ್ತದೆ. ಮುಂದೆ ಬರುವಾಗ ಜೋರು, ಹಿಂದೆ ಹೋಗುವಾಗ ಸದ್ದೇ ಇಲ್ಲ ಎಂದರೆ ನೀವು ಕೈಯನ್ನು ತಳ್ಳಿ ತಳ್ಳಿ ಬಿಡುತ್ತಿದ್ದೀರಿ. ಬಲ ಹಾಕುವುದಕ್ಕಿಂತ ಲಯ ಹಿಡಿಯುವುದು ಮುಖ್ಯ. ಆದಿತಾಳದ ಪೆಟ್ಟಿನಂತೆ ಎಣಿಸಿಕೊಂಡು ಬೀಸಿದರೂ ತಪ್ಪಿಲ್ಲ.

ಇನ್ನೊಂದು ಕಾರಣ ಹವೆ. ನೈಲಾನ್ ಬಿಸಿಲಿಗೆ ಮೆದುವಾಗುತ್ತದೆ, ಚಳಿಗೆ ಸೆಟೆಯುತ್ತದೆ. ಟೆಕ್ಸಸ್‌ನ ಜುಲೈ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ಎಸ್ ಹಗ್ಗ ಕೈಗೆ ಬಂದಾಗ ಎಕ್ಸ್‌ಎಸ್ ಆಗಿರುತ್ತದೆ. ಡಲ್ಲಾಸ್, ಹ್ಯೂಸ್ಟನ್ ಕಡೆಯ ನಮ್ಮವರು ವಾರಾಂತ್ಯದ ತರಗತಿಗೆ ಹೋಗುವಾಗ ಇದನ್ನು ಗಮನಿಸಿ: ಹೋದ ವಾರ ಬರುತ್ತಿದ್ದ ಎಸೆತ ಈ ವಾರ ಬರುತ್ತಿಲ್ಲ ಎನ್ನುವುದಕ್ಕೆ ಇದೂ ಕಾರಣವಿರಬಹುದು. ರೋಪರ್‌ಗಳು ಹಗ್ಗವನ್ನು ಮುಚ್ಚಳದ ದುಂಡು ಡಬ್ಬಿಯಲ್ಲಿ ಅಥವಾ ದಪ್ಪ ಚೀಲದಲ್ಲಿ ಇಟ್ಟು, ಎರಡು ಬೇರೆ ಲೇ ಹಗ್ಗ ಒಯ್ಯುವುದು ಶೋಕಿಗಲ್ಲ.

ಬೆನ್ನಿಗೆ, ಟೋಪಿಗೆ ಬಡಿಯುತ್ತದೆ

ಮೊಣಕೈ ಕೆಳಗಿದೆ. ಮೊಣಕೈ ಭುಜದ ಮಟ್ಟಕ್ಕೆ, ಕೈ ಟೋಪಿಗಿಂತ ಮೇಲಕ್ಕೆ ಬರಲಿ. ಮತ್ತೇನೂ ಇಲ್ಲ.

ಕುಣಿಕೆ ಎಡಕ್ಕೆ ಹೋಗುತ್ತದೆ, ಬಲಕ್ಕೆ ಹೋಗುತ್ತದೆ

ಇದು ಹಗ್ಗ ಬಿಟ್ಟ ಗಳಿಗೆಯ ದೋಷ, ಶಾಲೆಯ ಭೌತಶಾಸ್ತ್ರದಷ್ಟು ಸರಳ. ಸುತ್ತುತ್ತಿರುವ ವಸ್ತುವನ್ನು ಬಿಟ್ಟರೆ ಆ ಕ್ಷಣ ಅದು ಎತ್ತ ಸಾಗುತ್ತಿತ್ತೋ ಅತ್ತ ನೇರ ಹೋಗುತ್ತದೆ, ಕವಣೆ ಕಲ್ಲಿನಂತೆ. ನಿಮ್ಮ ಕೈ ಬಲಭುಜದ ಪಕ್ಕ ಇರುವಾಗ ಅದರ ಚಲನೆ ನೇರ ಮುಂದಕ್ಕೆ. ಅದಕ್ಕೆ ಮೊದಲೇ, ಕೈ ಇನ್ನೂ ಹಿಂದಿರುವಾಗ ಬಿಟ್ಟರೆ ಕುಣಿಕೆ ಬಲಕ್ಕೆ. ತಡವಾಗಿ, ಕೈ ಮೂಗಿನ ನೇರಕ್ಕೆ ಬಂದ ಮೇಲೆ ಬಿಟ್ಟರೆ ಎಡಕ್ಕೆ. ಡಮ್ಮಿಯ ಬಲಗೊಂಬು ಮಾತ್ರ ಸಿಕ್ಕುತ್ತಿದೆ ಎಂದರೆ ಬೇಗ ಬಿಡುತ್ತಿದ್ದೀರಿ ಅಥವಾ ತೋಳು ಪೂರ್ತಿ ಚಾಚುತ್ತಿಲ್ಲ, ಹಾಗಾಗಿ ಮೂತಿ ಎಡಗೊಂಬಿನವರೆಗೆ ಸುತ್ತಿ ಬರುತ್ತಿಲ್ಲ. ಎಡಗೊಂಬು ಮಾತ್ರ ಎಂದರೆ ತಡವಾಗಿದೆ.

ಹೊಸಬರಲ್ಲಿ ತಡವಾಗುವವರೇ ಹೆಚ್ಚು, ಏಕೆಂದರೆ ಬೆರಳು ಬಿಚ್ಚಲು ಮನಸ್ಸು ಒಪ್ಪುವುದಿಲ್ಲ. ಬೀಸನ್ನು ಒಂದು-ಎರಡು-ಮೂರು ಎಂದು ಎಣಿಸಿ ಮೂರಕ್ಕೆ ತಪ್ಪದೆ ಬಿಡಿ, ಬೀಸು ಚೆನ್ನಾಗಿರಲಿ ಬಿಡಲಿ. ಏಳೆಂಟು ಸುತ್ತು ಬೀಸುತ್ತ ಒಳ್ಳೆಯ ಗಳಿಗೆಗೆ ಕಾಯುವವರ ತೋಳು ದಣಿದು ಮೊಣಕೈ ಇಳಿಯುತ್ತದೆ, ಅಲ್ಲಿಗೆ ಬೇರೊಂದು ದೋಷ ಶುರು.

ಕುಣಿಕೆ ದಾಟಿ ಹೋಗುತ್ತದೆ, ಅಥವಾ ಬಡಿದು ವಾಪಸ್ ಬರುತ್ತದೆ

ಇಲ್ಲಿ ನೋಡಬೇಕಾದ್ದು ಬೀಸಿನ ಓರೆ. ತಟ್ಟೆಯಂತೆ ನೆಲಕ್ಕೆ ಸಮಾನಾಂತರವಾಗಿ ಬೀಸಿದ ಕುಣಿಕೆ ಕೊಂಬಿನ ಮೇಲಿಂದ ತೇಲಿ ಡಮ್ಮಿಯ ತಲೆಯಾಚೆ ಬೀಳುತ್ತದೆ. ಮುಂಭಾಗ ತೀರಾ ಇಳಿದಿದ್ದರೆ ಡಮ್ಮಿಯ ಬೆನ್ನಿಗೆ ಬಡಿದು ಮುದುಡುತ್ತದೆ. ಕುಣಿಕೆ ನಿಮ್ಮ ಮುಂದೆ ಹಾದುಹೋಗುವಾಗ ಅದರ ಮೂತಿ ಗುರಿಯತ್ತ ಸ್ವಲ್ಪ ಬಾಗಿರಬೇಕು. ಗುರಿ ಎಂದರೆ ಇಡೀ ತಲೆಯಲ್ಲ. ಕೊಂಬುಗಳ ಹಿಂದೆ, ಕತ್ತು ಶುರುವಾಗುವ ಕಡೆ ಅಂಗೈಯಗಲದ ಒಂದು ಜಾಗವಿದೆ. ಕುಣಿಕೆಯ ಕೆಳ ಎಳೆ ಅಲ್ಲಿ ಕೂತರೆ ಮೂತಿ ತನ್ನ ವೇಗದಲ್ಲಿ ತಾನೇ ಮುಂದೆ ಸುತ್ತುತ್ತದೆ. ಆ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿ, ಕಣ್ಣು ಅಲ್ಲಿಂದ ಕದಲದಿರಲಿ. ಹೊಸಬರ ಕಣ್ಣು ಹಾರುವ ಹಗ್ಗದ ಹಿಂದೆ ಹೋಗುತ್ತದೆ.

ಡಮ್ಮಿಯೂ ಮೋಸ ಮಾಡುತ್ತದೆ. ಹುಲ್ಲಿನ ಪಿಂಡಿಗೆ ಪ್ಲಾಸ್ಟಿಕ್ ತಲೆ ಚುಚ್ಚಿ ಅದನ್ನು ಮೇಜಿನ ಮೇಲಿಟ್ಟವರಿಗೆ ಎದೆಮಟ್ಟದ ಗುರಿ ಅಭ್ಯಾಸವಾಗುತ್ತದೆ. ನಿಜವಾದ ಕರು ಅಷ್ಟು ಎತ್ತರವಿಲ್ಲ, ಜೊತೆಗೆ ನೀವು ಮುಂದೆ ಕುದುರೆ ಮೇಲಿರುತ್ತೀರಿ. ಡಮ್ಮಿಯ ಕೊಂಬು ನಿಮ್ಮ ಸೊಂಟಕ್ಕಿಂತ ಕೆಳಗಿರಲಿ. ನಿಲ್ಲುವ ದೂರ ಮೊದಲ ವಾರ 8ರಿಂದ 10 ಅಡಿ, ಡಮ್ಮಿಯ ಹಿಂದೆ, ಕೊಂಚ ಎಡಕ್ಕೆ. ಹತ್ತಕ್ಕೆ ಎಂಟು ಕೂರುವವರೆಗೆ ದೂರ ಹೆಚ್ಚಿಸಬೇಡಿ. ಅಭ್ಯಾಸಕ್ಕೆ ಡಮ್ಮಿ ಇಲ್ಲದಿದ್ದರೆ ಕವುಚಿಟ್ಟ ಬಕೆಟ್, ಪ್ಲಾಸ್ಟಿಕ್ ಕುರ್ಚಿ ಯಾವುದಾದರೂ ಸರಿ. ಬೀದಿಯ ಬಸವನ ಮೇಲೆ ಮಾತ್ರ ಪ್ರಯೋಗ ಬೇಡ. ಹಗ್ಗ ಕೂತರೆ ಮುಂದೇನು ಮಾಡುತ್ತೀರಿ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಕೂತ ಕುಣಿಕೆ ಕಳಚಿಕೊಳ್ಳುತ್ತದೆ

ಎಸೆತ ಸರಿ, ಕೊಂಬಿನ ಮೇಲೆ ಕೂತದ್ದೂ ಸರಿ, ಎಳೆದರೆ ಬರಿ ಹಗ್ಗ ವಾಪಸ್. ಕಾರಣ ಬಹುಪಾಲು ಒಂದೇ: ಕೈ ಮೇಲಕ್ಕೆ ಎತ್ತಿ ಎಳೆಯುತ್ತಿದ್ದೀರಿ. ಮೇಲಕ್ಕೆ ಎತ್ತಿದರೆ ಹಗ್ಗದ ಅಲೆ ಹೋಗಿ ಕುಣಿಕೆಯನ್ನೂ ಮೇಲೆತ್ತುತ್ತದೆ. ತಲೆಗೆ ಹಾಕಿದ ಕುಣಿಕೆಯ ಸಡಿಲನ್ನು ನೇರ ಹಿಂದಕ್ಕೆ, ಬಲ ಸೊಂಟದ ಪಕ್ಕಕ್ಕೆ ಎಳೆಯಿರಿ. ಬಿಟ್ಟ ಕೈ ಹಗ್ಗದ ಮೇಲೆಯೇ ಇಳಿದು, ಹಿಡಿದು, ಹಿಂದೆ ಹೋಗುವುದು ಒಂದೇ ಚಲನೆಯಾಗಿರಲಿ. ಕೂತಿದೆಯೇ ಇಲ್ಲವೇ ಎಂದು ನೋಡುತ್ತ ನಿಂತರೆ ಡಮ್ಮಿ ಕಾಯುತ್ತದೆ, ಕರು ಕಾಯುವುದಿಲ್ಲ.

ಎಳೆಯುವುದು ಸರಿಯಿದ್ದರೂ ಕುಣಿಕೆ ಬಿಗಿಯುವುದು ತಡವಾದರೆ ಹೋಂಡಾ ನೋಡಿ. ಬರ್ನರ್ ಅಂಚು ಎದ್ದಿದ್ದರೆ, ಹೊಲಿಗೆ ಬಿಚ್ಚಿದ್ದರೆ, ಒಳಗೆ ಮಣ್ಣು ಕೂತಿದ್ದರೆ ಹಗ್ಗ ತಡೆದು ತಡೆದು ಜಾರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಚಿಟಿಕೆ ಟಾಲ್ಕಂ ಪೌಡರ್ ಹಚ್ಚಿ. ಎಣ್ಣೆ ಹಚ್ಚಬೇಡಿ, ಧೂಳು ಹಿಡಿದು ಮರಳುಕಾಗದವಾಗುತ್ತದೆ. ಕಣ್ಣಿನ ಆಕಾರವೂ ಮುಖ್ಯ, ಉದ್ದನೆಯ ಮೊಟ್ಟೆಯಂತೆ ಬಿಗಿಯಾಗಿರಬೇಕು. ದುಂಡಗೆ ಅಗಲವಾಗಿದ್ದರೆ ಕುಣಿಕೆ ಹಾರುವಾಗಲೇ ತಾನಾಗಿ ಕಿರಿದಾಗುತ್ತದೆ.

ಎಡಗೈ ಸುರುಳಿ ಸಿಕ್ಕಾಗುತ್ತದೆ

ಸುರುಳಿಗಳು ಒಂದೇ ಗಾತ್ರದಲ್ಲಿರಲಿ, ಸುಮಾರು ಗೇಣೂವರೆಯಿಂದ ಎರಡು ಗೇಣು ಅಗಲ. ಮೊದಲು ಹೋಗಬೇಕಾದ ಸುರುಳಿ ತೋರುಬೆರಳ ಕಡೆ, ಬಾಲ ಕಿರುಬೆರಳ ಕಡೆ. ದೊಡ್ಡದರೊಳಗೆ ಚಿಕ್ಕದು ನುಸುಳಿದಾಗಲೇ ಸಿಕ್ಕು ಬೀಳುವುದು. ಎಸೆತ ಗುರಿಯ ಹತ್ತಿರ ಹೋಗಿ ಗಕ್ಕನೆ ನಿಂತು ಬೀಳುತ್ತಿದ್ದರೆ ಎಡಗೈ ಬಿಗಿ ಹಿಡಿದಿದೆ ಎಂದರ್ಥ. ಬೆರಳು ತೆರೆದು ಒಂದೆರಡು ಸುರುಳಿಯನ್ನು ಹೋಗಗೊಡಿ. ಯಾವ ಕಾರಣಕ್ಕೂ ಹಗ್ಗವನ್ನು ಅಂಗೈಗೆ, ಮಣಿಕಟ್ಟಿಗೆ, ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಉಂಗುರ ತೆಗೆದಿಡಿ. ಬಲಗೈಗೆ ತೆಳು ಹತ್ತಿಯ ಗ್ಲೌಸ್ ಸಾಕು.

ನೆಲದ ಮೇಲೆ ಬರುತ್ತದೆ, ಕುದುರೆ ಮೇಲೆ ಬರುವುದಿಲ್ಲ

ಸಹಜ. ನೆಲದ ಮೇಲೆ ಎಡಗೈಗೆ ಸುರುಳಿ ಮಾತ್ರ ಇತ್ತು, ಈಗ ಲಗಾಮೂ ಅದರಲ್ಲೇ. ಬೀಸುವಾಗ ಎಡಗೈ ಗೊತ್ತಿಲ್ಲದೆ ಮೇಲೇಳುತ್ತದೆ, ಲಗಾಮು ಎಳೆದಂತಾಗಿ ಕುದುರೆ ನಿಲ್ಲುತ್ತದೆ ಅಥವಾ ಹಿಂದೆ ಸರಿಯುತ್ತದೆ, ಸವಾರ ಕುದುರೆಯನ್ನು ಬೈಯುತ್ತಾನೆ. ಎಡಗೈಯನ್ನು ಜೀನಿನ ಕೊಂಬಿನ (ಜೀನಿನ ಮುಂಭಾಗದಲ್ಲಿ ಎದ್ದು ನಿಂತ ಗೂಟದ) ಮುಂದೆ ಒಂದೇ ಜಾಗದಲ್ಲಿ ನಿಲ್ಲಿಸುವುದನ್ನು ಕುದುರೆ ಹತ್ತುವ ಮೊದಲೇ ಕಲಿಯಿರಿ: ಜೀನನ್ನು ಸ್ಟ್ಯಾಂಡಿಗೆ ಹಾಕಿ ಅದರ ಮೇಲೆ ಕೂತು, ಬೇಲಿಗೆ ಕಟ್ಟಿದ ದಾರವನ್ನು ಲಗಾಮಿನಂತೆ ಹಿಡಿದು ಎಸೆಯಿರಿ. ದಾರ ಬಿಗಿದರೆ ಕೈ ಕದಲಿದೆ ಎಂದು ತಿಳಿಯುತ್ತದೆ.

ಕುದುರೆಗೂ ಪಾಠವಿದೆ. ಹಗ್ಗವನ್ನು ಅದರ ಕತ್ತು, ಬೆನ್ನು, ಹಿಂಗಾಲಿಗೆ ಸವರಿ ಅಭ್ಯಾಸ ಮಾಡಿಸಿ, ನಿಂತಲ್ಲಿ ಬೀಸಿ, ನಡೆಯುತ್ತ ಬೀಸಿ, ಆಮೇಲೆ ಒಂದು ಹಗುರ ಮರದ ತುಂಡು ಎಳೆಸಿ. ಈ ಕ್ರಮದಲ್ಲಿ ಒಂದನ್ನು ಹಾರಿಸಿದರೂ ಅದರ ಬೆಲೆ ಮುಂದೆಲ್ಲೋ ತೆರಬೇಕಾಗುತ್ತದೆ. ಹಗ್ಗ ಬಾಲದ ಕೆಳಗೆ ಸಿಕ್ಕಿದರೆ ಕುದುರೆ ಬಾಲ ಅವಚಿ ಗಾಬರಿಯಾಗುತ್ತದೆ. ಆಗ ಹಗ್ಗ ಎಳೆಯಬಾರದು, ಕೈಬಿಟ್ಟುಬಿಡಿ. ಹಗ್ಗದ ಬೆಲೆ ಸೊಂಟದ ಮೂಳೆಗಿಂತ ಕಡಿಮೆ.

ಡ್ಯಾಲಿ: ಜಾರುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ, ಬೆರಳು ಹೋಗುತ್ತದೆ

ದನ ಸಿಕ್ಕ ಮೇಲೆ ಹಗ್ಗವನ್ನು ಜೀನಿನ ಕೊಂಬಿಗೆ ಸುತ್ತಿ ಹಿಡಿಯುವುದಕ್ಕೆ ಡ್ಯಾಲಿ ಎನ್ನುತ್ತಾರೆ. ಸುತ್ತು ಹಾಕು ಎಂಬರ್ಥದ ಸ್ಪ್ಯಾನಿಷ್ ಮಾತು 'ದಾರ್ ಲಾ ವುಯೆಲ್ತಾ' ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಸವೆದು ಹೀಗಾಯಿತು. 1769ರಿಂದ ಸ್ಪ್ಯಾನಿಷರು ಕ್ಯಾಲಿಫೋರ್ನಿಯಾದಲ್ಲಿ ಮಿಷನ್‌ಗಳನ್ನು ಕಟ್ಟುತ್ತ ಬಂದಾಗ ದನ ಮೇಯಿಸಿದ ವಕೇರೊಗಳ ಪದ್ಧತಿ ಇದು. ಬಕರೂ ಎಂಬ ಹೆಸರೂ ವಕೇರೊದಿಂದಲೇ ಬಂದದ್ದು. ಹಸಿತೊಗಲು ಹೆಣೆದ ಅವರ ರಿಯಾಟಾ ಹಗ್ಗ ಉದ್ದವಾದದ್ದು, ಆದರೆ ಗಕ್ಕನೆ ಜಗ್ಗಿದರೆ ತುಂಡಾಗುವಂಥದ್ದು. ಅದಕ್ಕೇ ಸುತ್ತಿ, ಕೊಂಚ ಕೊಂಚ ಜಾರಿಸಿ, ಜಗ್ಗು ತಗ್ಗಿಸುವ ಕಲೆ ಬೆಳೆಯಿತು. ಟೆಕ್ಸಸ್‌ನ ಮುಳ್ಳುಕುರುಚಲಿನಲ್ಲಿ ಉದ್ದ ಹಗ್ಗಕ್ಕೆ ಜಾಗವಿಲ್ಲ, ಅಲ್ಲಿ ಗಿಡ್ಡ ಹಗ್ಗವನ್ನು ಕೊಂಬಿಗೆ ಮೊದಲೇ ಬಿಗಿದು ಕಟ್ಟುತ್ತಾರೆ. ಹೊಸಬರು ಕಟ್ಟಿದ ಹಗ್ಗದಿಂದ ದೂರವಿರುವುದು ಒಳ್ಳೆಯದು. ಏನೇ ಎಡವಟ್ಟಾದರೂ ಬಿಟ್ಟುಬಿಡುವ ದಾರಿ ಡ್ಯಾಲಿಯಲ್ಲಿ ಮಾತ್ರ ಇದೆ.

ಸುತ್ತುವ ದಿಕ್ಕು ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧ. ಹೆಬ್ಬೆರಳು ಆಕಾಶ ನೋಡುತ್ತಿರಬೇಕು. ಇಲ್ಲಿ ಒಂದು ಕ್ಷಣ ನಿಂತು ನಿಮ್ಮ ಮುಷ್ಟಿಯನ್ನು ನೋಡಿಕೊಳ್ಳಿ. ಹೆಬ್ಬೆರಳು ಮೇಲಿದ್ದರೆ, ಸುತ್ತು ಮುಗಿಸುವಾಗ ಹಗ್ಗದ ಮತ್ತು ಕೊಂಬಿನ ನಡುವೆ ಬರುವುದು ಅಂಗೈಯ ಕಿರುಬೆರಳ ಅಂಚು, ಅದನ್ನು ಸರಕ್ಕನೆ ಎಳೆದುಕೊಳ್ಳಬಹುದು. ಹೆಬ್ಬೆರಳು ಕೆಳಗಿದ್ದರೆ ಅದೇ ಮೊದಲು ಒಳಗೆ ಹೋಗುತ್ತದೆ. ಅತ್ತ 200 ಕಿಲೋ ದನ, ಇತ್ತ 500 ಕಿಲೋ ಕುದುರೆ, ನಡುವೆ ಬಿಗಿದ ನೈಲಾನ್. ಹಳೆಯ ರೋಪರ್‌ಗಳ ಗುಂಪಿನಲ್ಲಿ ಮೊಂಡು ಹೆಬ್ಬೆರಳು ಕಾಣಸಿಗುವುದು ಇದೇ ಕಾರಣಕ್ಕೆ. ಕೈ ಕೊಂಬಿನಿಂದ ಒಂದು ಅಡಿಯಾದರೂ ದೂರವಿದ್ದು, ದೊಡ್ಡ ವೃತ್ತದಲ್ಲಿ ಸುತ್ತಲಿ. ಇದನ್ನು ಸ್ಟ್ಯಾಂಡಿನ ಮೇಲಿನ ಜೀನಿಗೆ ಕಣ್ಣು ಮುಚ್ಚಿಕೊಂಡು ಸಾವಿರ ಸಲ ಸುತ್ತಿ. ಕೊಂಬು ನೋಡದೆ ಕೈ ಹೋಗುವವರೆಗೆ ಜೀವಂತ ದನಕ್ಕೆ ಹಗ್ಗ ಹಾಕಬೇಡಿ. ಹಾಕಲೇಬೇಕಾದರೆ ಬ್ರೇಕ್‌ಅವೇ ಹೋಂಡಾ ಹಾಕಿಸಿಕೊಳ್ಳಿ, ಭಾರ ಬಿದ್ದಾಗ ಅದು ತಾನೇ ಬಿಚ್ಚಿಕೊಂಡು ದನವನ್ನು ಬಿಡುತ್ತದೆ.

ಸುತ್ತಿದ ಮೇಲೂ ಹಗ್ಗ ಜಾರುತ್ತಿದ್ದರೆ ಕೊಂಬಿನ ಹೊದಿಕೆ ನೋಡಿ. ರಬ್ಬರ್ ಸುತ್ತಿದ್ದರೆ ಒಂದೆರಡು ಸುತ್ತಿಗೇ ಕಚ್ಚಿ ಹಿಡಿಯುತ್ತದೆ, ಆದರೆ ಜಗ್ಗು ಪೂರ್ತಿ ಕುದುರೆಗೂ ಕರುವಿಗೂ ಬೀಳುತ್ತದೆ. ಹೇಸರಗತ್ತೆಯ ತೊಗಲು ಸುತ್ತಿದ್ದರೆ ಹಗ್ಗ ಜಾರುವುದೇ ಅದರ ಗುಣ, ಇನ್ನೊಂದೆರಡು ಸುತ್ತು ಹೆಚ್ಚು ಹಾಕಿ. ರ‍್ಯಾಂಚ್ ಕೆಲಸಕ್ಕೆ ತೊಗಲೇ ಮೇಲು. ಇನ್ನು ಬಿಚ್ಚಲು ಬರುತ್ತಿಲ್ಲ ಎಂದರೆ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದೆ. ಕೈ ಒಂದೇ ಎತ್ತರದಲ್ಲಿ ಸುತ್ತದೆ ಮೇಲೆ ಕೆಳಗೆ ಆಡಿದಾಗ ಹೀಗಾಗುತ್ತದೆ. ಕುದುರೆಯನ್ನು ಒಂದು ಹೆಜ್ಜೆ ದನದ ಕಡೆ ನಡೆಸಿ ಸಡಿಲ ಕೊಟ್ಟರೆ ಬಿಡುತ್ತದೆ.

ಹಿಂಗಾಲು ಸಿಕ್ಕುತ್ತಿಲ್ಲ

ಮುದ್ರೆ ಹಾಕುವ ಕಡೆ ಕರುವಿನ ಎರಡು ಹಿಂಗಾಲು ಹಿಡಿದು ಬೆಂಕಿಯ ಬಳಿಗೆ ನಿಧಾನ ಎಳೆಯುತ್ತಾರೆ. ಇದು ತಲೆಗೆ ಎಸೆದ ಹಾಗಲ್ಲ, ಬಲೆ ಒಡ್ಡಿದ ಹಾಗೆ. ಕುಣಿಕೆ ಹಿಂಗಾಲುಗಳ ಮುಂದೆ ಅಂಚಿನ ಮೇಲೆ ನಿಂತು, ಕೆಳ ಎಳೆ ನೆಲ ಮುಟ್ಟಿ, ಮೇಲಿನ ಎಳೆ ಕಾಲಿಗೆ ಒರಗಿರಬೇಕು. ಕರು ತಾನೇ ಒಳಗೆ ಹೆಜ್ಜೆ ಇಡುತ್ತದೆ. ಕುಣಿಕೆ ಮಲಗಿಬಿಟ್ಟಿದ್ದರೆ ಬೀಸು ಚಪ್ಪಟೆಯಾಗಿತ್ತು, ಬಲಭುಜದ ಪಕ್ಕ ಇನ್ನಷ್ಟು ಓರೆ ಮಾಡಿ. ಒಂದೇ ಕಾಲು ಸಿಕ್ಕುತ್ತಿದ್ದರೆ ಬೇಗ ಎಳೆಯುತ್ತಿದ್ದೀರಿ. ನಡೆಯುವ ಕರು ಒಂದೊಂದೇ ಕಾಲು ಇಡುವುದರಿಂದ ಎರಡನೆಯದು ಬರುವವರೆಗೆ ಕಾಯಬೇಕು. ಎರಡೂ ತಪ್ಪಿದರೆ ತಡವಾಯಿತು. ತಲೆಗೆ ಹೇಳಿದ್ದಕ್ಕೆ ವಿರುದ್ಧವಾಗಿ ಇಲ್ಲಿ ಸಡಿಲನ್ನು ಮೇಲಕ್ಕೆ ಎತ್ತಿ ಎಳೆಯಬೇಕು, ಇಲ್ಲದಿದ್ದರೆ ಕುಣಿಕೆ ಗೊರಸಿನ ಕೆಳಗೆ ನುಣುಚುತ್ತದೆ. ಇಬ್ಬರು ಸವಾರರು ಸೇರಿ ಒಂದು ದನವನ್ನು ಹಿಡಿಯುವ ಟೀಮ್ ರೋಪಿಂಗ್ ಪಂದ್ಯದಲ್ಲಿ ಒಂದೇ ಹಿಂಗಾಲಿಗೆ 5 ಸೆಕೆಂಡ್ ದಂಡ. ರ‍್ಯಾಂಚಿನಲ್ಲಿ ಸೆಕೆಂಡ್ ಲೆಕ್ಕವಿಲ್ಲ, ಆದರೆ ಒಂಟಿ ಕಾಲಿನ ಮೇಲೆ ಭಾರ ಬಿದ್ದು ಕರುವಿಗೆ ನೋವಾಗುತ್ತದೆ, ಆ ಕಾರಣಕ್ಕೆ ಎರಡೂ ಬೇಕು. ಕತ್ತಿಗೆ ಕುಣಿಕೆ ಬಿದ್ದ ಕರುವನ್ನು ಉದ್ದಕ್ಕೂ ಎಳೆಯಬೇಡಿ, ಉಸಿರು ಕಟ್ಟುತ್ತದೆ.

ಏನು ಮಾಡಿದರೂ ಸರಿಹೋಗುತ್ತಿಲ್ಲ

ಹಗ್ಗವೇ ಸತ್ತಿರಬಹುದು. ಹೊಸ ಹಗ್ಗದ ಮೊಂಡುತನ ಒಂದೆರಡು ವಾರದ ಎಸೆತದಲ್ಲಿ ಪಳಗುತ್ತದೆ, ಸತ್ತ ಹಗ್ಗ ಮತ್ತೆ ಜೀವ ಪಡೆಯುವುದಿಲ್ಲ. ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರಿ: ಎಳೆಗಳು ಚಪ್ಪಟೆಯಾಗಿವೆಯೇ, ಕೊಂಬಿಗೆ ಸುತ್ತುವ ಜಾಗದಲ್ಲಿ ಕರಗಿ ಗಾಜಿನಂತೆ ನುಣುಪಾಗಿದೆಯೇ, ಎಲ್ಲಾದರೂ ಒಂದು ಎಳೆ ಹೊರಬಂದು ಗೂನಾಗಿದೆಯೇ. ಒಂದು ಗೂನು ಕಂಡರೂ ಜೀವಂತ ದನಕ್ಕೆ ಅದು ಬೇಡ, ಭಾರ ಬಿದ್ದಾಗ ಅಲ್ಲೇ ಹರಿದು ಮುಖಕ್ಕೆ ಬಂದು ಹೊಡೆಯುತ್ತದೆ. ಡಮ್ಮಿಗೂ ಬಾರದಷ್ಟು ಮೆದುವಾದದ್ದನ್ನು ಅಲ್ಲಿನವರು ಸುತ್ತಿ ಸುತ್ತಿ, ಬಿಸಿಯಲ್ಲಿ ಅಂಟಿಸಿ ಬುಟ್ಟಿ ಮಾಡುತ್ತಾರೆ. ನಮ್ಮವರು ಬಟ್ಟೆ ಒಣಹಾಕಲು ಕಟ್ಟಿಕೊಂಡರಾಯಿತು.